ಏಳು ಗಂಟೆಯ ಸೂಜಿ

ನಮ್ಮೂರಿನಲ್ಲಿ ಕಿವಿ ಚುಚ್ಚುವವನಿಗೆ ಕಿವಿ ನೋಯುತ್ತದೆ. ಕೈಯಾರೆ ಇನ್ನೊಬ್ಬರ ಮೈಗೆ ಎಂಥ ನೋವು ಕೊಟ್ಟರೂ ಅದು ಅದೇ ಜಾಗದಲ್ಲಿ, ಅವರಿಗೆ ಎಷ್ಟಾಯಿತೋ ಅಷ್ಟೇ, ಕೊಟ್ಟವರಿಗೂ ಆಗುತ್ತದೆ. ಹೊಳೆಯ ಈಚೆ ದಡದಲ್ಲಿ ಇರುವವರೆಗೆ ಹೀಗೆ. ಸೇತುವೆ ದಾಟಿ ಶಹರಕ್ಕೆ ಹೋದರೆ ಹಾಗಿಲ್ಲ. ಆದ್ದರಿಂದ ಹಲ್ಲು ಕೀಳಿಸಬೇಕಾದವರು, ಹೊಟ್ಟೆ ಕೊಯ್ಯಿಸಬೇಕಾದವರು ಸೇತುವೆ ದಾಟುತ್ತಾರೆ. ನಮ್ಮ ಶಾಲೆಯಲ್ಲಿ ಬೆತ್ತ ಇಲ್ಲ. ಕ್ಷೌರದ ಈರಣ್ಣ ಗಲ್ಲಕ್ಕೆ ಕತ್ತಿ ಹಚ್ಚುವಾಗ ಉಸಿರು ಬಿಗಿಹಿಡಿಯುತ್ತಾನೆ. ಗಂಡಸರು ಜಗಳಕ್ಕೆ ನಿಂತರೆ ಬಾಯಲ್ಲೇ ಮುಗಿಸುತ್ತಾರೆ. ಬಾಯಿಗೆ ಮಾತ್ರ ಈ ಕಟ್ಟಳೆ ಇಲ್ಲ. ಆಡಿದ ಮಾತಿನ ನೋವು ಆಡಿದವರಿಗೆ ತಿರುಗಿ ಬಂದದ್ದನ್ನು ಇಲ್ಲಿ ಯಾರೂ ಕಂಡಿಲ್ಲ. ನಮ್ಮವರ ನಾಲಿಗೆ ಇಷ್ಟು ಹರಿತವಾಗಿರುವುದು ಅದಕ್ಕೇ ಇರಬೇಕು.

ನಾನು ಮೌನೇಶ, ಅಕ್ಕಸಾಲಿ. ಬೆಸುಗೆ, ಮೆರುಗು, ಹರಿದ ಸರ ಕೂಡಿಸುವುದು ದಿನದ ಕೆಲಸ. ಕೂಸುಗಳ ಕಿವಿ ಚುಚ್ಚುವುದು ಅಪ್ಪನಿಂದ ಬಂದದ್ದು. ಕೂಸು ಚೀರುವುದೂ ನನ್ನ ಕಿವಿಯ ಹಾಲೆ ಚುರ್ರೆನ್ನುವುದೂ ಒಂದೇ ಕ್ಷಣ. ದೊಡ್ಡವರ ನೋವಿಗಿಂತ ಕೂಸಿನ ನೋವು ದೊಡ್ಡದು, ಯಾಕೆಂದರೆ ಅದಕ್ಕೆ ಕಾರಣ ಗೊತ್ತಿರುವುದಿಲ್ಲ. ಊರಿನ ಅರ್ಧ ಮಕ್ಕಳನ್ನು ನಾನು ಹೀಗೆ ಬಲ್ಲೆ. ನಮಗೆ ಮಾತ್ರ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ.

ನನ್ನ ಹೆಂಡತಿ ವಿಶಾಲಾಕ್ಷಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಬಂದ ಕಾಗದಗಳನ್ನು ಓಣಿವಾರು ವಿಂಗಡಿಸುವುದು, ಹೋಗುವ ಕಾಗದಗಳಿಗೆ ಶಿಕ್ಕೆ ಒತ್ತುವುದು. ಮಾತು ಕಡಿಮೆ. ನಕ್ಕರೆ ಮಾತ್ರ ಎರಡು ಮನೆ ಆಚೆಗೂ ಕೇಳಿಸುತ್ತದೆ. ಮನೆಯಲ್ಲಿ ನಾವಿಬ್ಬರು, ಅವ್ವ, ತಮ್ಮ ಗಂಗಾಧರ ಮತ್ತು ಅವನ ಹೆಂಡತಿ ಗಿರಿಜಾ. ಗಿರಿಜಾ ಕನ್ಯಾಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಮದುವೆಯಾಗಿ ಎರಡನೇ ವರ್ಷಕ್ಕೆ ಅವಳು ಬಸುರಿಯಾದಳು. ಅಂದಿನಿಂದ ಅವ್ವ ವಿಶಾಲಿಯ ಮುಂದೆ ಆಡದೇ ಉಳಿದಿದ್ದ ಮಾತುಗಳನ್ನೂ ಆಡತೊಡಗಿದಳು.

ಆ ವರ್ಷವೇ ನಾವು ಸೇತುವೆ ದಾಟಿ ಡಾಕ್ಟರ್ ಫರ್ಜಾನಾ ಅವರ ದವಾಖಾನೆಗೆ ಹೋದದ್ದು. ಇಬ್ಬರಿಗೂ ತಪಾಸಣೆಯಾಯಿತು. ವಾರದ ಮೇಲೆ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ನನ್ನ ಕಡೆ ತಿರುಗಿದರು.

"ನಿಮ್ಮ ಹೆಂಡತಿಯ ರಿಪೋರ್ಟಿನಲ್ಲಿ ಏನೂ ತೊಂದರೆ ಇಲ್ಲ ಮೌನೇಶ್. ನಿಮ್ಮ ವೀರ್ಯಾಣು ಬಹಳ ಕಡಿಮೆ ಇವೆ, ಇರುವುದರಲ್ಲೂ ಚಲನೆ ಕಡಿಮೆ. ತಾನಾಗಿ ಗರ್ಭ ನಿಲ್ಲುವುದು ಕಷ್ಟ. ಆದರೆ ಒಂದೊಂದು ಅಂಡದೊಳಗೆ ಒಂದೊಂದು ವೀರ್ಯಾಣು ನಾವೇ ಇಡಬಹುದು."

ನಾನು ನೆಲ ನೋಡುತ್ತಿದ್ದೆ. ವಿಶಾಲಿ ಕೇಳಿದಳು, "ಅದಕ್ಕ ಏನ ಮಾಡಬೇಕ್ರಿ?"

"ಅಂಡ ಜಾಸ್ತಿ ಬೇಕಾಗುತ್ತಮ್ಮಾ. ತಿಂಗಳಿಗೆ ಹತ್ತಾರು ಅಂಡ ತಯಾರಿಗೆ ನಿಲ್ಲುತ್ತವೆ, ಒಂದು ಬೆಳೆಯುತ್ತದೆ, ಉಳಿದವು ಹಾಗೇ ಕರಗಿ ಹೋಗುತ್ತವೆ. ಬೆಳೆಯಿರಿ ಅಂತ ಮೆದುಳು ಕಳಿಸುವ ಹಾರ್ಮೋನು ಒಂದಕ್ಕೇ ಸಾಲುವಷ್ಟು ಇರುತ್ತದೆ. ಅದನ್ನೇ ನಾವು ಸೂಜಿಯಲ್ಲಿ ಹೆಚ್ಚು ಕೊಟ್ಟರೆ ಉಳಿದವೂ ಬೆಳೆಯುತ್ತವೆ. ಮುಟ್ಟಿನ ಎರಡನೇ ದಿನದಿಂದ ಹತ್ತು ಹನ್ನೆರಡು ದಿನ, ದಿನಾ ಒಂದೇ ಹೊತ್ತಿಗೆ, ಹೊಟ್ಟೆಗೆ."

ದೋಷ ನನ್ನದು, ಸೂಜಿ ಅವಳಿಗೆ. ಆ ಕೋಣೆಯಲ್ಲಿ ಅದನ್ನು ಯಾರೂ ಹೀಗೆ ಬಾಯಿಬಿಟ್ಟು ಹೇಳಲಿಲ್ಲ. ತಿರುಗಿ ಬರುವಾಗ ಬಸ್ಸು ಸೇತುವೆಯ ಮೇಲಿತ್ತು. ನಾನು ಮೆಲ್ಲಗೆ ಅಂದೆ, "ರಿಪೋರ್ಟಿನ ಸುದ್ದಿ ಈಗ ಅವ್ವಗ ಹೇಳೂದು ಬ್ಯಾಡ. ನಾ ನೋಡಿ ಹೇಳತೀನಿ."

ವಿಶಾಲಿ ಕಿಟಕಿಯಿಂದ ಹೊಳೆ ನೋಡುತ್ತಿದ್ದಳು. "ಆತು" ಎಂದಳು.

ಮನೆಗೆ ಬಂದು ಅವ್ವನಿಗೆ ಹೇಳಿದ್ದು ಇಷ್ಟು: "ತಪಾಸಣಿ ಆತು. ವಿಶಾಲಿಗೆ ಸೂಜಿ ಹಾಕಬೇಕಂತ." ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸುವ ಜಾಣತನ ನನಗೆ ಆ ಹೊತ್ತಿಗೆ ಎಲ್ಲಿಂದ ಬಂತೋ. ಅವ್ವ ತಲೆಯಾಡಿಸಿ, "ನಾ ಅಂದಿದ್ದಿಲ್ಲೇನ? ನಮ್ಮ ಮನ್ಯಾಗ ಯಾರಿಗೂ ಇಂಥಾದ್ದಿಲ್ಲ. ಅವರ ತವರಿಂದ ಬಂದೈತಿ" ಎಂದಳು. ವಿಶಾಲಿ ಕೈಯಲ್ಲಿದ್ದ ಚೀಲವನ್ನು ಗೂಟಕ್ಕೆ ಹಾಕಿ ಒಳಗೆ ಹೋದಳು.

ತಿಂಗಳ ಮೇಲೆ ಸೂಜಿ ಶುರುವಾಯಿತು. ದವಾಖಾನೆಯ ಸಿಸ್ಟರು ಪೆನ್ನಿನಂಥ ಸಾಧನವೊಂದನ್ನು ಕೊಟ್ಟು ತೋರಿಸಿದ್ದರು. ಹಿಂದಿನ ಗಾಲಿ ತಿರುಗಿಸಿ ಔಷಧದ ಅಳತೆ ಇಡಬೇಕು. ಹೊಕ್ಕಳಿಂದ ಎರಡು ಬೆರಳು ದೂರ, ಚರ್ಮವನ್ನು ಚಿವುಟಿದಂತೆ ಹಿಡಿದು ನೆಟ್ಟಗೆ ಚುಚ್ಚಬೇಕು, ಹತ್ತು ಎಣಿಸುವವರೆಗೆ ತೆಗೆಯಬಾರದು. ಇವತ್ತು ಎಡಕ್ಕಾದರೆ ನಾಳೆ ಬಲಕ್ಕೆ. ಔಷಧವನ್ನು ಫ್ರಿಜ್ಜಿನಲ್ಲಿಡಬೇಕು. ಗಿರಿಜಾ ಫ್ರಿಜ್ಜಿನ ಬಾಗಿಲಿನಲ್ಲಿ ಒಂದು ಖಾನೆ ಖಾಲಿ ಮಾಡಿ ಅದರ ಮೇಲೆ ವಿಶಾಲಿಯ ಹೆಸರು ಬರೆದು ಅಂಟಿಸಿದಳು. ಸಂಜೆ ಏಳು ಗಂಟೆ ಎಂದು ಗೊತ್ತುಮಾಡಿಕೊಂಡೆವು.

ಮೊದಲ ದಿನ ನಾನು ಅಂಗಡಿಯಿಂದ ಬರುವುದು ಹತ್ತು ನಿಮಿಷ ತಡವಾಯಿತು. ವಿಶಾಲಿ ತಾನೇ ಚುಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ನಮ್ಮಲ್ಲಿ ಯಾರೂ ತಮ್ಮ ಮೈಗೆ ತಾವು ಸೂಜಿ ಹಾಕಿಕೊಳ್ಳುವುದಿಲ್ಲ. ಕೊಟ್ಟವರೂ ತೆಗೆದುಕೊಂಡವರೂ ಒಬ್ಬರೇ ಆದ್ದರಿಂದ ಅದು ಒಂದರ ಮೇಲೊಂದು ಎರಡಾಗಿ ಬೀಳುತ್ತದೆ. ಅವಳ ಮೇಲ್ದುಟಿಯ ಮೇಲೆ ಬೆವರಿತ್ತು.

"ನಾ ಬರೂತನಕ ತಡಿಬೇಕಿಲ್ಲೇನ?"

"ಹೊತ್ತು ತಪ್ಪಬಾರದಂತ ಹೇಳ್ಯಾರಲ್ರಿ."

ಮರುದಿನದಿಂದ ನಾನು ಆರೂವರೆಗೇ ಅಂಗಡಿ ಮುಚ್ಚಿದೆ. ಎರಡನೇ ದಿನ ಚುಚ್ಚಿದಾಗ ನನ್ನ ಹೊಕ್ಕಳಿನ ಪಕ್ಕದಲ್ಲಿ ಇರುವೆ ಕಡಿದಂತಾಯಿತು, ಆಮೇಲೆ ಔಷಧ ಹೋಗುವಾಗ ತುಸು ಉರಿ. ನನಗೆ ಎಷ್ಟು ಹಗುರವೆನಿಸಿತೆಂದರೆ ನಗು ಬಂತು. "ಇಷ್ಟೇನ?" ಎಂದೆ. ಕೂಸಿನ ಕಿವಿಯ ಮುಂದೆ ಇದೇನೂ ಅಲ್ಲ. ಮೂರನೇ ದಿನ, ನಾಲ್ಕನೇ ದಿನ ಹಾಗೇ. ಏಳು ಗಂಟೆಯಾದರೆ ಕೋಣೆಯ ಬಾಗಿಲು ಹಾಕಿ, ಅವಳು ಮಂಚದ ಅಂಚಿಗೆ ಕೂತು, ನಾನು ಮೊಣಕಾಲೂರಿ ಎದುರಿಗೆ. ಹತ್ತರವರೆಗೆ ಇಬ್ಬರೂ ಕೂಡಿ ಎಣಿಸುತ್ತಿದ್ದೆವು. ನನಗೆ ಆ ಹೊತ್ತು ಹಿತವೆನಿಸತೊಡಗಿತು. ಅವಳ ಪಾಲಿನದನ್ನು ನಾನೂ ಹೊರುತ್ತಿದ್ದೇನೆ, ನಮ್ಮೂರಲ್ಲಿ ಹುಟ್ಟಿದ್ದಕ್ಕೆ ಇದೊಂದು ಭಾಗ್ಯ ಅಂದುಕೊಂಡೆ.

ಐದನೇ ದಿನ ಸ್ಕ್ಯಾನ್ ಮಾಡಿದ ಡಾಕ್ಟರು ಪರದೆಯ ಮೇಲೆ ಕರಿಯ ಗುಳ್ಳೆಗಳನ್ನು ತೋರಿಸಿದರು. ಒಂದೊಂದು ಗುಳ್ಳೆಯಲ್ಲೂ ಒಂದೊಂದು ಅಂಡ ಬೆಳೆಯುತ್ತಿರುತ್ತದಂತೆ. ಎಡಕ್ಕೂ ಬಲಕ್ಕೂ ಸೇರಿ ಇಪ್ಪತ್ತರ ಮೇಲಿದ್ದವು. "ಸ್ವಲ್ಪ ಜಾಸ್ತಿನೇ ಬಂದಿವೆ" ಎಂದು ಡೋಸು ಇಳಿಸಿ, ಮರುದಿನದಿಂದ ಎರಡನೇ ಸೂಜಿಯನ್ನೂ ಬರೆದರು. ಅಂಡಗಳು ಹೊತ್ತಿಗೆ ಮುಂಚೆ ಹೊರಬಿದ್ದು ಹೋಗದಂತೆ ತಡೆಯುವ ಸೂಜಿ. "ಹೊಟ್ಟೆ ಉಬ್ಬರಿಸಿದರೆ, ಉಸಿರು ಕಟ್ಟಿದಂತಾದರೆ, ಮೂತ್ರ ಕಡಿಮೆಯಾದರೆ ತಕ್ಷಣ ಬನ್ನಿ" ಎಂದು ಎರಡು ಸಲ ಹೇಳಿದರು.

ಏಳನೇ ದಿನದ ಹೊತ್ತಿಗೆ ವಿಶಾಲಿ ಸೀರೆಯ ನಿರಿಗೆಯನ್ನು ಸಡಿಲ ಕಟ್ಟತೊಡಗಿದ್ದಳು. ತಲೆನೋವು. ಸುಮ್ಮನೆ ಕೂತಲ್ಲಿ ಮೈ ಬೆವರುವುದು. ಅಂಚೆ ಕಚೇರಿಯಲ್ಲಿ ಒಂದು ದಿನ ಯಾರದೋ ವಿಳಾಸ ಓದುತ್ತ ಓದುತ್ತ ಅಳು ಬಂದುಬಿಟ್ಟಿತಂತೆ. ಅಂದು ಎರಡೂ ಸೂಜಿ ಮುಗಿಸಿ ನನ್ನ ಹೊಟ್ಟೆ ಸವರಿಕೊಳ್ಳುತ್ತ ನಾನು ಸಮಾಧಾನಕ್ಕೆಂದು ಹೇಳಿದೆ, "ಚಿಂತಿ ಮಾಡಬ್ಯಾಡ. ಅರ್ಧ ನನ್ನ ಪಾಲಿಗೆ ಬಂದೇ ಬರ್ತೈತಲ್ಲ."

ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದವಳು ತಲೆಯೆತ್ತಿದಳು.

"ಸೂಜಿದು ಬರ್ತೈತ್ರಿ ನಿಮಗ. ಉಳಿದದ್ದು ಬರಂಗಿಲ್ಲ."

"ಉಳಿದದ್ದು ಅಂದ್ರ?"

"ಹೊಟ್ಟ್ಯಾಗ ಕಲ್ಲು ತುಂಬಿದಂಗ ಆಗೈತಿ. ಅದು ಔಷಧದ್ದು. ನಿಮ್ಮ ಕೈದಲ್ಲ, ಅದಕ್ಕ ನಿಮಗ ಬರಂಗಿಲ್ಲ. ಮುಂಜಾನೆಯಿಂದ ಸಂಜೀತನಕ ಅವ್ವಾರು ಅನ್ನೂದು ಬರಂಗಿಲ್ಲ. ನೀವು ಸುಮ್ಮನ ಇರ್ತೀರಲ್ಲ, ಅದೂ ಬರಂಗಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಕಾಗದ ವಿಂಗಡಿಸುವವರ ಹಾಗೆ ಒಂದೊಂದನ್ನೇ ಬೇರೆ ಬೇರೆ ಇಟ್ಟಳು. ನಾನು ಪೆನ್ನಿನ ಸೂಜಿ ಬಿಚ್ಚಿ ಡಬ್ಬಿಗೆ ಹಾಕುವ ನೆಪದಲ್ಲಿ ಎದ್ದೆ. ನಾಳೆ ಅವ್ವನಿಗೆ ಹೇಳೋಣ ಅಂದುಕೊಂಡೆ. ನಾಳೆಯೂ ಬಂತು. ಅವ್ವ ವಿಶಾಲಿಗೆಂದೇ ಹೆಸರುಬೇಳೆ ಪಾಯಸ ಮಾಡಿ ಲೋಟದಲ್ಲಿ ಹಾಕಿಕೊಡುತ್ತಿದ್ದಳು. ಕೊಡುತ್ತಲೇ, "ಇಷ್ಟ ಔಷಧ ತಿಂದರೂ ಮೈಗೆ ಹತ್ತವಲ್ಲದು ನಿನಗ, ಎಂಥಾ ಮೈಯವ್ವಾ ನಿಂದು" ಅನ್ನುತ್ತಿದ್ದಳು. ಅವ್ವ ಕೆಟ್ಟವಳಲ್ಲ. ಕೈಯಲ್ಲಿ ಪಾಯಸವನ್ನೂ ಬಾಯಲ್ಲಿ ಅಂಥ ಮಾತನ್ನೂ ಒಟ್ಟಿಗೆ ಹಿಡಿದು ಎಪ್ಪತ್ತು ವರ್ಷ ಬಾಳಿದವಳು. ಅಂಥ ಹೊತ್ತಿನಲ್ಲಿ ಹೇಗೆ ಹೇಳುವುದು ಎಂದು ನಾನು ಬಿಟ್ಟೆ.

ಒಂಬತ್ತನೇ ದಿನ ಗಿರಿಜಾಳ ಕುಬಸ. ಏಳನೇ ತಿಂಗಳಿನಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಸಂಭ್ರಮ. ಸಂಜೆ ಐದಕ್ಕೆ ಓಣಿಯ ಹೆಂಗಸರು ಪಡಸಾಲೆ ತುಂಬ ನೆರೆದಿದ್ದರು. ವಿಶಾಲಿ ಬೆಳಗಿನಿಂದ ಅಡುಗೆಯ ಮುಂದಿದ್ದಳು. ಗಿರಿಜಾ ಹಸಿರು ಬಳೆಯ ಗೊಂಚಲು ಎತ್ತಿ, "ಅಕ್ಕಾ, ಮೊದಲನೇ ಬಳಿ ನೀವ ಹಾಕ್ರಿ" ಎಂದು ಕರೆದಳು. ವಿಶಾಲಿ ಕೈ ಒರೆಸಿಕೊಳ್ಳುತ್ತ ಬಂದಳು. ಅವ್ವ ನಡುವೆ ಕೈ ಅಡ್ಡ ಹಿಡಿದಳು. ಮುಟ್ಟಲಿಲ್ಲ, ಬರೀ ಅಡ್ಡ ಹಿಡಿದಳು.

"ನೀ ಒಳಗ ಇರವಾ. ಹೋಳಿಗಿ ಸೀದಾವು."

ಎದುರು ಮನೆಯ ಬಸಲಿಂಗವ್ವ ವಿಶಾಲಿಯ ಹೊಟ್ಟೆ ನೋಡಿ ಕಿಸಕ್ಕನೆ ನಕ್ಕಳು. "ಏ ಕಾಳವ್ವಾ, ದೊಡ್ಡ ಸೊಸಿ ಹೊಟ್ಟಿ ನೋಡಿದ್ರ ಇಬ್ಬರದೂ ಕೂಡೇ ಕುಬಸ ಮಾಡಬೇಕಾತಲ್ಲ!"

ಹೆಂಗಸರು ನಕ್ಕರು. ಅವ್ವನೂ ನಕ್ಕಳು. "ಅದು ಗಾಳಿ ಹೊಟ್ಟಿ ಬಿಡವಾ. ಒಳಗೇನೈತಿ ಅದರಾಗ?"

ನಾನು ಬಾಳೆಹಣ್ಣಿನ ಬುಟ್ಟಿ ಹಿಡಿದು ಬಾಗಿಲಲ್ಲಿದ್ದೆ. ಯಾರಾದರೂ ಹೊಟ್ಟೆ ಹಿಡಿದುಕೊಂಡಾರೋ ಎಂದು ನಕ್ಕವರ ಮುಖಗಳನ್ನು ನೋಡಿದೆ. ಯಾರಿಗೂ ಏನೂ ಆಗಲಿಲ್ಲ. ನನಗೂ ಆಗಲಿಲ್ಲ. ವಿಶಾಲಿ ತಿರುಗಿ ಒಳಗೆ ಹೋದಳು. ಗಿರಿಜಾ ಬಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದಳು. ನಾನು ಬುಟ್ಟಿಯನ್ನು ಕೆಳಗಿಟ್ಟೆ, ಅಷ್ಟೇ ಮಾಡಿದೆ.

ಏಳಕ್ಕೆ ಐದು ನಿಮಿಷ ಇರುವಾಗ ಔಷಧ ತೆಗೆದುಕೊಂಡು ಕೋಣೆಗೆ ಹೋದೆ. ವಿಶಾಲಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹೋಳಿಗೆಯ ಹಿಟ್ಟು ಇನ್ನೂ ಬೆರಳಿಗೆ ಅಂಟಿತ್ತು.

"ಹೊತ್ತಾತು" ಎಂದೆ.

"ಇವತ್ತ ಬ್ಯಾಡ."

"ಹಂಗಂದ್ರ? ಒಂದ ದಿನ ತಪ್ಪಿದ್ರ ಇಲ್ಲೀತನಕ ಮಾಡಿದ್ದೆಲ್ಲ..."

"ಗೊತ್ತೈತಿ. ನನಗ ಸೂಜಿ ಬ್ಯಾಡ."

"ನಾ ಅವ್ವಗ ಹೇಳತೀನಿ. ನಾಳೆ ಮುಂಜಾನೆ..."

"ನಾ ಹೇಳ್ರಿ ಅಂತ ಅಂದೆನೇನು? ಸೂಜಿ ಬ್ಯಾಡ ಅಂದೆ."

ತಡವಾದರೆ ಒಂದು ತಾಸಿನೊಳಗೆ ಎಂದಿದ್ದರು ಸಿಸ್ಟರು. ಪೆನ್ನು ನನ್ನ ಕೈಯಲ್ಲಿ ತಣ್ಣಗಿತ್ತು. ಇಷ್ಟು ದಿನ ನಾನು ಹೊತ್ತದ್ದು ಸೂಜಿಯ ಮೊನೆಯಷ್ಟು. ಅದನ್ನು ಅರ್ಧ ಅಂತ ಲೆಕ್ಕ ಹಿಡಿದು ಬೀಗಿದ್ದೆ. ಔಷಧವನ್ನು ಮೇಜಿನ ಮೇಲಿಟ್ಟೆ. ಕಪಾಟಿನಿಂದ ರಿಪೋರ್ಟಿನ ಲಕೋಟೆ ತೆಗೆದುಕೊಂಡು ಪಡಸಾಲೆಗೆ ಬಂದೆ.

ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಗಂಡಸು ನಡುವೆ ಬಂದು ನಿಂತದ್ದಕ್ಕೆ ಮಾತು ನಿಂತಿತು. ನನಗೆ ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ.

"ಅವ್ವಾ, ವಿಶಾಲಿಗೇನೂ ತೊಂದರಿ ಇಲ್ಲ. ತೊಂದರಿ ಇದ್ದದ್ದು ನನಗ. ಮೊದಲಿಂದಲೂ ನನಗ."

ಅವ್ವ ಮರುಕದಿಂದೆಂಬಂತೆ ನನ್ನ ಕಡೆ ನೋಡಿದಳು. "ಯಾಕೋ ಹುಚ್ಚಾ, ಹೆಂಡ್ತಿ ಅತ್ಲೇನ? ಅಕಿ ಹೇಳಿಕೊಟ್ಟಳಂತ ಮಂದಿ ಮುಂದ ಇಂಥಾದ್ದು ಆಡ್ತಾರೇನ? ಹೋಗು ಒಳಗ."

"ಹೇಳಿಕೊಟ್ಟಿಲ್ಲವ್ವಾ. ದವಾಖಾನಿ ಕಾಗದ ಐತಿ."

"ಕಾಗದದಾಗ ಏನ ಬೇಕಾದ್ದು ಬರೀತಾರ."

ಗಿರಿಜಾ ಕೈ ಚಾಚಿದಳು. "ಇಲ್ಲಿ ಕೊಡ್ರಿ ಭಾವಾರ." ಹಸಿರು ಸೀರೆ, ಕೊರಳ ತುಂಬ ಹೂವು, ಕೆನ್ನೆಯಲ್ಲಿ ಅರಿಶಿನ. ಹಾಗೇ ಕೂತು ಅವಳು ಹಾಳೆ ಬಿಡಿಸಿದಳು. ಮೊದಲು ಇಂಗ್ಲಿಷಿನಲ್ಲಿ ತಾನು ಓದಿಕೊಂಡಳು. ಆಮೇಲೆ ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲಿ, "ಹೆಸರು ಮೌನೇಶ ಅಂತ ಐತಿ. ವಯಸ್ಸು ಮೂವತ್ತೆಂಟು. ವೀರ್ಯಾಣು ಇರಬೇಕಾದ್ದಕ್ಕಿಂತ ಬಹಳ ಕಡಿಮಿ ಅಂತ ಬರದಾರ" ಎಂದಳು. ಎರಡನೇ ಹಾಳೆ ತೆಗೆದಳು. "ಇದು ಅಕ್ಕಂದು. ಎಲ್ಲಾ ಸರಿ ಐತಿ ಅಂತ ಬರದಾರ."

ಬಸಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದಳು, ಓದಲು ಬಾರದಿದ್ದರೂ. ಕೊನೆಗೆ ಕೇಳಿದಳು, "ಹಂಗಾದ್ರ ಸೂಜಿ ಅಕಿಗ್ಯಾಕೋ?"

ಅದಕ್ಕೆ ಡಾಕ್ಟರು ಹೇಳಿದ ಉತ್ತರ ನನಗೆ ಗೊತ್ತಿತ್ತು. ಅಂಡ ಜಾಸ್ತಿ ಬೇಕು, ಅಂಡ ಬೆಳೆಯುವುದು ಅವಳಲ್ಲಿ, ಅದಕ್ಕೆ ಅವಳಿಗೆ. ಆದರೆ ಅಷ್ಟು ಮಂದಿಯ ಮುಂದೆ ಅದು ಉತ್ತರವೆಂದು ನನಗೇ ಅನಿಸಲಿಲ್ಲ. "ನನಗ ಹಾಕಿದ್ರ ಆಗಂಗಿಲ್ಲಂತವ್ವಾ. ಅಕಿನ ತಗೋಬೇಕಂತ" ಎಂದೆ. ಅವ್ವ ಎದ್ದು ಅಡುಗೆಮನೆಗೆ ಹೋದಳು. ಹೆಂಗಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು.

ಕೋಣೆಗೆ ತಿರುಗಿ ಬಂದಾಗ ಏಳು ಇಪ್ಪತ್ತೈದು. ವಿಶಾಲಿಗೆ ಎಲ್ಲ ಕೇಳಿಸಿತ್ತು. ನಾನು ಮೊಣಕಾಲೂರಿದೆ. ಅವಳೇ ಅಂದಳು, "ದಿನಾ ಕಾದೆ. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ. ಇವತ್ತ ಸಂಜಿಗೆ ಕಾಯೂದು ಬಿಟ್ಟಿದ್ದೆ."

"ತಪ್ಪಾತು."

ಅವಳು ಕಣ್ಣೊರೆಸಿಕೊಂಡು ಸೀರೆಯ ನಿರಿಗೆ ಸರಿಸಿದಳು. ಹೊಟ್ಟೆ ಡೋಲಿನಂತೆ ಬಿಗಿದಿತ್ತು. ಎಡಕ್ಕೂ ಬಲಕ್ಕೂ ಹಳೆಯ ಸೂಜಿಗಳ ನೀಲಿ ಕಲೆಗಳಿದ್ದವು. ನಾನು ಚುಚ್ಚಿದೆ. ಅಂದು ನನಗಾದದ್ದು ಇರುವೆ ಕಡಿದಂತೆ ಇರಲಿಲ್ಲ. ಹತ್ತರವರೆಗೆ ನಾನೊಬ್ಬನೇ ಎಣಿಸಿದೆ.

ಎರಡು ದಿನದ ಮೇಲೆ ಕೊನೆಯ ಸೂಜಿ. ಅಂಡಗಳನ್ನು ಮಾಗಿಸುವ ಸೂಜಿ ಅದು, ಹಾಕಿದ ಮೂವತ್ತಾರು ತಾಸಿಗೆ ಸರಿಯಾಗಿ ಅಂಡ ಹೊರತೆಗೆಯಬೇಕು. ರಾತ್ರಿ ಎಂಟಕ್ಕೆ ಹಾಕಿದೆ. ಮೂರನೇ ದಿನ ಬೆಳಗ್ಗೆ ಎಂಟಕ್ಕೆ ಸೇತುವೆಯಾಚೆ ಅವಳಿಗೆ ಮತ್ತಿನ ಔಷಧ ಕೊಟ್ಟು ಒಳಗೆ ಕರೆದೊಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಏನೂ ಇಲ್ಲ. ನನ್ನ ಪಾಲಿನ ಕೆಲಸ ಒಂದು ಪುಟ್ಟ ಕೋಣೆಯಲ್ಲಿ ಐದು ನಿಮಿಷಕ್ಕೆ ಮುಗಿದಿತ್ತು. ಹದಿನೆಂಟು ಅಂಡ ಸಿಕ್ಕವು, ಕೊನೆಗೆ ಐದು ಭ್ರೂಣ ಉಳಿದವು. "ಹೊಟ್ಟೆ ಇಷ್ಟು ಬಾತಿರುವಾಗ ಒಳಗೆ ಇಡುವುದು ಬೇಡ. ಐದನ್ನೂ ಶೀತದಲ್ಲಿ ಕಾಪಿಡೋಣ, ಎರಡು ತಿಂಗಳು ಮೈ ಸುಧಾರಿಸಲಿ" ಎಂದರು ಡಾಕ್ಟರು.

ಆ ಎರಡು ತಿಂಗಳು ನನಗೆ ಮಾತಿನ ಸೂಜಿಯ ಪರಿಚಯವಾಯಿತು. ಅಂಗಡಿ ಕಟ್ಟೆಯಲ್ಲಿ ಕೂತವರು ನಾನು ಬಂದರೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕಿವಿ ಚುಚ್ಚಲು ಮೂರು ವಾರ ಯಾರೂ ಕೂಸು ತರಲಿಲ್ಲ, ಅಪಶಕುನವಂತೆ. ಮನೆಗೆ ಬಂದು ವಿಶಾಲಿಗೆ ಹೇಳಿದಾಗ, "ಒಂಬತ್ತು ವರ್ಷದಾಗ ಮೂರು ವಾರ" ಎಂದು ತಟ್ಟೆ ಇಟ್ಟಳು. ನಗುತ್ತಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಭ್ರೂಣ ಒಳಗಿಡುವ ಹೊತ್ತಿಗೆ ಮತ್ತೆ ಸೂಜಿ. ಇದು ಬೇರೆ ಹಾರ್ಮೋನು, ಗರ್ಭಕೋಶದ ಒಳಪದರ ಭ್ರೂಣವನ್ನು ಹಿಡಿದುಕೊಳ್ಳುವಂತೆ ಮಾಡುವುದು. ಎಣ್ಣೆಯಲ್ಲಿ ಕಲಸಿದ ಮಂದ ಔಷಧ, ಉದ್ದನೆಯ ಸೂಜಿ. ಸೊಂಟದ ಕೆಳಗೆ ಸ್ನಾಯುವಿನ ಆಳಕ್ಕೆ ಹೋಗಬೇಕು. ಬಾಟಲಿಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಂಡು ನಿಧಾನ ಏರಿಸುತ್ತಿದ್ದೆ. ವಾರದಲ್ಲಿ ಚುಚ್ಚಿದ ಕಡೆಯೆಲ್ಲ ಗಂಟು ಕಟ್ಟಿತು. ಅವಳೂ ಕುಂಟಿದಳು, ನಾನೂ ಕುಂಟಿದೆ.

ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಕೋಣೆಯ ಬಾಗಿಲು ತೆರೆದಿತ್ತು. ವಿಶಾಲಿ ಬೋರಲು ಮಲಗಿದ್ದಳು. ಅವ್ವ ಬಿಸಿ ಉಪ್ಪಿನ ಗಂಟು ಹಿಡಿದು ಪಕ್ಕದಲ್ಲಿ ಕೂತಿದ್ದಳು. ಆ ಕುಬಸದ ದಿನದಿಂದ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು. ಅವ್ವ ಗಂಟು ಕಟ್ಟಿದ ಜಾಗದ ಮೇಲೆ ಒತ್ತಿದಳು. ಇಬ್ಬರೂ ಒಟ್ಟಿಗೇ "ಅಯ್ಯಯ್ಯವ್ವಾ" ಎಂದರು. ಅವ್ವ ತನ್ನ ಸೊಂಟ ಹಿಡಿದುಕೊಂಡಳು.

"ಇಷ್ಟ ನೋಯ್ತೈತೇನ ನಿನಗ?"

"ದಿನಾ" ಎಂದಳು ವಿಶಾಲಿ.

ಅವ್ವ ಮತ್ತೆ ಒತ್ತಿದಳು.

"ಬಿಡ್ರಿ ಅತ್ತಿ. ನಿಮ್ಮ ವಯಸ್ಸಿಗೆ ಯಾಕ ಬೇಕು."

"ಸುಮ್ಮನ ಮಲಕೋ. ಗಂಟು ಕರಗಬೇಕು."

ಕಣ್ಣಲ್ಲಿ ನೀರು ಬಂದರೂ ಅವ್ವ ಕೈ ತೆಗೆಯಲಿಲ್ಲ. ಕಡೆಯವರೆಗೆ ಅವಳ ಬಾಯಿಂದ ತಪ್ಪಾಯಿತೆಂಬ ಮಾತು ಬರಲಿಲ್ಲ. ದಿನಾ ಮಧ್ಯಾಹ್ನ ಉಪ್ಪು ಹುರಿದು ತರುತ್ತಿದ್ದಳು. ಬಸಲಿಂಗವ್ವ ಯಾಕೆ ಕುಂಟುತ್ತೀ ಎಂದು ಕೇಳಿದರೆ, "ಮಣಕಾಲು ಹಿಡದೈತಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆ ಸಲ ಗರ್ಭ ನಿಲ್ಲಲಿಲ್ಲ. ರಕ್ತ ಪರೀಕ್ಷೆಯ ಫಲ ಅಂಗಡಿಗೆ ಫೋನಿನಲ್ಲಿ ಬಂತು. ನಾನು ಅಂಚೆ ಕಚೇರಿಗೆ ನಡೆದು ಹೋದೆ. ವಿಶಾಲಿ ಶಿಕ್ಕೆ ಹಿಡಿದಿದ್ದಳು. ನನ್ನ ಮುಖ ನೋಡಿದಳು. ಎದುರಿಗಿದ್ದ ಕಾಗದದ ಕಟ್ಟು ಮುಗಿಯುವವರೆಗೆ ಒಂದೊಂದಕ್ಕೂ ಶಿಕ್ಕೆ ಒತ್ತಿದಳು. ಮುಗಿದ ಮೇಲೆ ಅವಳು ಮೇಜಿಗೆ ಹಣೆಯಿಟ್ಟಳು. ನಾನು ಬೆನ್ನ ಮೇಲೆ ಕೈಯಿಟ್ಟು ನಿಂತೆ. ಮನೆಗೆ ಬಂದಾಗ ಅವ್ವ ಬಾಯಿ ತೆರೆದಳು, ಏನೋ ಹೇಳುವವಳಿದ್ದಳು. ಹೇಳದೆ ಬಾಯಿ ಮುಚ್ಚಿಕೊಂಡು ಅನ್ನಕ್ಕಿಟ್ಟಳು.

ನಾನು ಮುಂದಿನ ತಿಂಗಳೇ ಮತ್ತೆ ಹೋಗೋಣವೆಂದೆ. "ಈಗ ಬ್ಯಾಡ" ಎಂದಳು ವಿಶಾಲಿ. "ನಾ ಹೇಳಿದಾಗ." ನಾನು ಯಾವಾಗ ಎಂದು ಕೇಳಲಿಲ್ಲ. ಗಿರಿಜಾಳ ಮಗಳು ಹುಟ್ಟಿ, ಮಗುಚಿ, ಕೂರುವುದನ್ನು ಕಲಿತಳು. ವಿಶಾಲಿ ಅವಳನ್ನು ಬೇಕೆನಿಸಿದಾಗ ಎತ್ತಿಕೊಂಡಳು, ಬೇಡವೆನಿಸಿದಾಗ ಕೋಣೆಗೆ ಹೋದಳು. ಯಾರೂ ಏನೂ ಅನ್ನಲಿಲ್ಲ. ಆ ಕೂಸಿಗೆ ಎಂಟು ತಿಂಗಳಾದಾಗ ಒಂದು ಬೆಳಗ್ಗೆ ವಿಶಾಲಿ ಚಹಾ ಕುಡಿಯುತ್ತ, "ನಾಳಿ ಬಸ್ಸಿಗೆ ಹೋಗೂಣೇನ್ರಿ?" ಎಂದಳು.

ಎರಡನೇ ಸಲ ಗರ್ಭ ನಿಂತಿತು. ಎಣ್ಣೆಯ ಸೂಜಿ ಮತ್ತೆ ಹತ್ತು ವಾರ ನಡೆಯಿತು, ಮತ್ತೆ ಮೂವರೂ ಕುಂಟಿದೆವು. ದಿನ ತುಂಬುವ ಮೊದಲೇ ಸೇತುವೆಯಾಚೆ ಒಂದು ಬಾಡಿಗೆ ಕೋಣೆ ಹಿಡಿದೆವು. ನಮ್ಮೂರ ಹೆಂಗಸರೆಲ್ಲ ಹಾಗೇ ಮಾಡುತ್ತಾರೆ. ಹೆರುವಾಗ ತಾಯಿಗಾಗುವ ನೋವು ಕೂಸಿಗೂ ತಿರುಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಈಚೆ ದಡದಲ್ಲಿ ಹೆತ್ತು ನೋಡುವ ಧೈರ್ಯ ಯಾರಿಗೂ ಇಲ್ಲ.

ನೋವು ಬೆಳಗ್ಗೆ ಆರಕ್ಕೆ ಶುರುವಾಯಿತು. ಹತ್ತರ ಹೊತ್ತಿಗೆ ಅವಳ ಮುಖ ಬೇರೆಯೇ ಆಗಿತ್ತು. ಡಾಕ್ಟರು ನನ್ನನ್ನು ದವಾಖಾನೆಯ ಹೆರಿಗೆ ಕೋಣೆಯೊಳಗೆ ಬಿಟ್ಟಿದ್ದರು. ಅವಳು ಚೀರಿದಾಗಲೆಲ್ಲ ನನ್ನ ಮೈ ಸುಮ್ಮನಿತ್ತು, ಎಲ್ಲಿಯೂ ಏನೂ ಇಲ್ಲ. ನಾನು ಕೈ ಕೊಟ್ಟೆ.

ಅವಳು ಹಿಡಿದಳು. ಮೊದಲು ಮೆಲ್ಲಗೆ, ನಮ್ಮೂರಿನವರು ಹಿಡಿಯುವ ಹಾಗೆ. ಇನ್ನೊಬ್ಬರ ಕೈಯನ್ನು ಬಿಗಿಯಾಗಿ ಹಿಡಿಯುವುದು ನಮಗೆ ರೂಢಿಯಿಲ್ಲ. ನೋವಿನ ಮುಂದಿನ ಅಲೆ ಬಂದಾಗ ಅವಳ ಉಗುರುಗಳು ನನ್ನ ಮಣಿಕಟ್ಟಿನೊಳಗೆ ಇಳಿದವು. ರಕ್ತ ಬಂತು. ಅವಳು ಬೆಚ್ಚಿ ತನ್ನ ಮಣಿಕಟ್ಟು ನೋಡಿಕೊಂಡಳು. ಸೇತುವೆಯಾಚೆಯ ಆ ಕೋಣೆಯಲ್ಲಿ ಅವಳಿಗೆ ಏನೂ ತಿರುಗಿ ಬಂದಿರಲಿಲ್ಲ. ಉಸಿರು ಎಳೆದುಕೊಳ್ಳುತ್ತ ನನ್ನ ಕಡೆ ತಿರುಗಿದಳು.

"ನೋಯ್ತೈತೇನ್ರಿ?"

"ಹೂಂ" ಎಂದೆ.

"ನೋಯ್ಲಿ" ಎಂದು ಇನ್ನೂ ಬಿಗಿಯಾಗಿ ಹಿಡಿದಳು.